ರೊಟ್ಟಿ ಸಪ್ಪಳಕ್ಕೆ ಓದಿದವನು

ನನ್ನ ಮೈದುನನಷ್ಟು ಕಷ್ಟಪಟ್ಟು ಓದಿದವರನ್ನು ನಾನು ಕಂಡಿಲ್ಲ. ಅವನಷ್ಟು ಸಲೀಸಾಗಿ ಫೇಲಾದವರನ್ನೂ ಕಂಡಿಲ್ಲ! ಸಿಂದಗಿಯಿಂದ ಬಾಗೇವಾಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಎಪ್ಪತ್ತರ ದಶಕದಲ್ಲಿ ಆ ದಾರಿಯಲ್ಲಿ ನಮ್ಮ ಮನೆ ಯಾವುದೆಂದು ಯಾರನ್ನು ಕೇಳಿದರೂ, "ಮ್ಯಾಟ್ರಿಕ್ ಹುಡುಗನ ಮನಿ ಏನ್ರಿ?" ಎಂದು ನಮ್ಮ ಬಾಗಿಲು ತೋರಿಸುತ್ತಿದ್ದರು. ಮ್ಯಾಟ್ರಿಕ್ ಪಾಸಾದವರೂ ಊರಲ್ಲಿದ್ದರು. ಅವರ ಮನೆ ಯಾರಿಗೂ ಗೊತ್ತಿರಲಿಲ್ಲ. ಪಾಸಾದವರು ಒಮ್ಮೆ ಪಾಸಾಗಿ ಸುಮ್ಮನಾಗುತ್ತಾರೆ. ನಮ್ಮವನು ವರ್ಷ ವರ್ಷವೂ ಸುದ್ದಿಯಲ್ಲಿದ್ದ.

ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಅದಕ್ಕೇ ಓದಿನ ಬಗ್ಗೆ ಬರೆಯುವ ಧೈರ್ಯ. ಹೆಚ್ಚು ಓದಿದವರು ಇಂಥದ್ದಕ್ಕೆಲ್ಲ ಅಂಜುತ್ತಾರೆ.

ನಾನು ಆ ಮನೆಗೆ ಹಿರಿಸೊಸೆಯಾಗಿ ಬಂದಾಗ ಅವನು ಒಂದು ಸಲ ಫೇಲಾಗಿ ಕುಳಿತಿದ್ದ. ಮಾವನವರು ಮಾತು ಕಡಿಮೆ ಆಡುವವರು. ಮಗನಿಗೆ ಹೇಳಿದ್ದು ಇಷ್ಟೇ: "ಪಾಸಾದರ ಮಾಸ್ತರ ಆಗು. ಫೇಲಾದರ ಎತ್ತ ಹೊಡಿ." ಇದರಲ್ಲಿ ಹೆದರುವಂಥದ್ದೇನಿದೆ ಎನ್ನುತ್ತೀರಾ? ನಮ್ಮ ಮೈದುನನಿಗೆ ಎತ್ತು ಕಂಡರೆ ಜೀವಭಯ! ಎತ್ತು ಕಿವಿ ಅಲ್ಲಾಡಿಸಿದರೆ ಇವನು ಕಟ್ಟೆ ಹತ್ತುತ್ತಿದ್ದ. ಒಕ್ಕಲುತನದ ಮನೆಯಲ್ಲಿ ಹುಟ್ಟಿ ಎತ್ತಿಗೆ ಹೆದರುವವನಿಗೆ ಮ್ಯಾಟ್ರಿಕ್ ಬಿಟ್ಟು ಬೇರೆ ಗತಿ ಇರಲಿಲ್ಲ.

ಹಾಗಾಗಿ ಅವನು ವೇಳೆ ಉಳಿಸಲು ಶುರು ಮಾಡಿದ. ಬೆಳಿಗ್ಗೆ ಅಂಗಿ ಹಾಕಿಕೊಳ್ಳುವ ವೇಳೆ ಉಳಿಯಲೆಂದು ನಾಳೆಯ ಅಂಗಿಯನ್ನು ಇಂದೇ ತೊಟ್ಟು ಮಲಗುತ್ತಿದ್ದ. ಎದ್ದಾಗ ಅದು ಮುದುಡಿರುತ್ತಿತ್ತು. ಅದನ್ನು ಕಳಚಿ, ನೀರು ಚಿಮುಕಿಸಿ, ಹಾಸಿಗೆಯ ಕೆಳಗಿಟ್ಟು, ಅದರ ಮೇಲೆ ತಾನು ಕುಳಿತು ಸುಕ್ಕು ಹೋಗುವವರೆಗೆ ಕಾಯುತ್ತಿದ್ದ. ಒಂದು ದಿನ ಮುಂಜಾನೆಯೇ ಎರಡು ಹೊತ್ತಿನ ಊಟ ಕೇಳಿದ.

"ಯಾಕೋ ತಮ್ಮಾ, ಹೊಟ್ಟಿ ಸರಿ ಐತಿಲ್ಲೋ?" ಎಂದೆ.

"ವೈನಿ, ಎರಡೂ ಊಟ ಒಮ್ಮೆಲೇ ಮಾಡಿದರ ಮತ್ತೊಮ್ಮೆ ಕೈ ತೊಳಿಯೂ ವ್ಯಾಳೆ ಉಳಿತೈತಿ."

ಬಡಿಸಿದೆ. ನನಗೇನು? ಉಂಡ. ಪುಸ್ತಕ ತೆರೆದ. ಸಂಜೆ ದನ ಮನೆಗೆ ಬಂದಾಗ ನಾನೇ ಎಬ್ಬಿಸಿದೆ.

ಮನೆಯಲ್ಲಿ ಗದ್ದಲ ಎಂದು ಹಿತ್ತಲ ಬೇವಿನ ಮರ ಹತ್ತಿ ಕುಳಿತು ಓದಿದ್ದೂ ಉಂಟು. ಹಾದಿಯಲ್ಲಿ ಹೋಗುವವರು ಬಿಡುತ್ತಾರೆಯೇ? "ಏ, ಮ್ಯಾಲ ಏನ ಮಾಡಾಕತ್ತೀಯೋ?" "ಓದಾಕತ್ತೇನ್ರಿ, ಕಾಕಾ." "ಕೆಳಗ ಕುಂತರ ತಲಿಗೆ ಹೋಗೂದಿಲ್ಲೇನು?" "ಶಾಂತ ಇರ್ತೈತ್ರಿ ಇಲ್ಲಿ." ಅವರು ಹೋದರೆ ಮತ್ತೊಬ್ಬರು. ಅವನು ಓದುತ್ತಿದ್ದಾನೆ ಎಂಬುದು ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು. ಪುಸ್ತಕಕ್ಕೆ ಮಾತ್ರ ಗೊತ್ತಾಗಲಿಲ್ಲ.

ಆಮೇಲೆ ವೇಳಾಪಟ್ಟಿ ಮಾಡಿದ. ಮನೆಯಲ್ಲಿ ಗಡಿಯಾರವಿರಲಿಲ್ಲ. ಅದಕ್ಕೆ ಸಿಂದಗಿ ಬಸ್ಸನ್ನೇ ಗಡಿಯಾರ ಮಾಡಿಕೊಂಡ. ಬೆಳಿಗ್ಗೆಯಿಂದ ಇತಿಹಾಸ, ಬಸ್ಸಿನ ಹಾರ್ನು ಕೇಳಿದ ಕೂಡಲೇ ಇತಿಹಾಸ ಮುಚ್ಚಿ ಗಣಿತ. ಬಸ್ಸು ತಡವಾದರೆ? ತಡವಾದರೆ ಇತಿಹಾಸವೇ! ಆ ಮಳೆಗಾಲ ಹಳ್ಳ ಬಂದು ದಾರಿ ಕಿತ್ತುಹೋಗಿ ಬಸ್ಸು ತಿಂಗಳುಗಟ್ಟಲೆ ಬರಲಿಲ್ಲ. ನಮ್ಮವನು ಎಲ್ಲಾ ರಾಜರನ್ನೂ ಅವರ ಮೊಮ್ಮಕ್ಕಳನ್ನೂ ಬಾಯಿಪಾಠ ಮಾಡಿ ಮುಗಿಸಿದ. ಗಣಿತದ ಪುಸ್ತಕದ ಹೊಸ ವಾಸನೆ ಹಾಗೇ ಇತ್ತು. ಮಾರ್ಚಿನ ಪರೀಕ್ಷೆಯಲ್ಲಿ ಏನಾಯಿತು ಎಂದು ಹೇಳಬೇಕೇ?

ಎರಡನೆಯ ಸಲ ಫೇಲಾಗಿ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕುಳಿತ. ನಾನು ರೊಟ್ಟಿ ಬಡಿಯುತ್ತಿದ್ದೆ.

"ಬಸ್ಸು ಕೈ ಕೊಟ್ಟಿತು, ವೈನಿ."

"ಬಸ್ಸ ಯಾಕ ನಂಬಿದಿ? ನನ್ನ ರೊಟ್ಟಿ ಎಂದರ ತಡಾ ಆಗ್ಯಾವೇನು?"

ಸುಮ್ಮನೆ ಅಂದದ್ದು. ಅವನು ಅದನ್ನೇ ಹಿಡಿದ. ಮರುದಿನದಿಂದ ಹೊಸ ಪದ್ಧತಿ. ನಾನು ಹಿಟ್ಟಿನ ಉಂಡೆ ಇಟ್ಟು ಬಡಿಯುವಷ್ಟು ಹೊತ್ತು ಅವನು ಒಂದು ಪ್ರಶ್ನೆ ಓದಬೇಕು. ರೊಟ್ಟಿ ಹಂಚಿಗೆ ಬಿತ್ತೋ, ಪುಸ್ತಕ ಮುಚ್ಚಿ ಉತ್ತರ ಹೇಳಬೇಕು. ರೊಟ್ಟಿ ಉಬ್ಬುವುದರೊಳಗೆ ಉತ್ತರ ಮುಗಿಯಬೇಕು. ಉತ್ತರ ಮುಗಿಯದೆ ನಾನು ರೊಟ್ಟಿ ತೆಗೆಯುವ ಹಾಗಿಲ್ಲ. ಅವನು ತಡವರಿಸಿದಷ್ಟು ರೊಟ್ಟಿ ಸುಡುತ್ತದೆ, ಸುಟ್ಟ ರೊಟ್ಟಿ ಅವನ ತಾಟಿಗೆ!

"ತಡಿ ವೈನಿ, ಇನ್ನೊಂದ ಸಾಲು!"

"ನಾ ತಡೀತೇನಿ. ಒಲಿ ತಡೀತೈತೇನು?"

ಒಮ್ಮೆ ತಪ್ಪಿ ಅಂಥದ್ದೊಂದು ಮಾವನವರ ತಾಟಿಗೆ ಹೋಯಿತು. ಅವರು ಅದನ್ನು ಎತ್ತಿ ಹಿಡಿದು ನೋಡಿದರು. "ಇದೇನಬೇ, ಇಷ್ಟ ಕರ್ರಗ?"

ಒಳಗಿನಿಂದಲೇ ಹೇಳಿದೆ: "ಅದು ಬೀಜಗಣಿತದ್ದ್ರಿ, ಮಾವಾರ."

ಅವರು ಮುರಿದು ತಿಂದರು. ಆ ಮನೆಯಲ್ಲಿ ಬೀಜಗಣಿತವನ್ನು ಪೂರ್ತಿ ಅರಗಿಸಿಕೊಂಡ ಮೊದಲಿಗರು ಅವರೇ.

ಆದರೆ ದಿನ ಕಳೆದಂತೆ ಅವನ ತಾಟಿನ ರೊಟ್ಟಿಗಳು ಬೆಳ್ಳಗಾಗುತ್ತಾ ಬಂದವು. ಅಕ್ಟೋಬರ್ ಪರೀಕ್ಷೆಯ ಹೊತ್ತಿಗೆ ಒಂದು ಕಲೆಯೂ ಇಲ್ಲ. ಬಾಗೇವಾಡಿಗೆ ಹೋದ, ಬರೆದ, ಬಂದ, ಫೇಲಾದ!

ನಮ್ಮ ಅತ್ತೆ ಹಣೆ ಬಡಿದುಕೊಂಡರು. ನಾನು ಅವನನ್ನು ಒಲೆಯ ಮುಂದೆ ಕೂರಿಸಿ ಕೇಳಿದೆ. "ಎಲ್ಲಾ ಬರ್ತಿತ್ತಲ್ಲೋ! ಏನಾತು?"

"ಸಪ್ಪಳ ಇರಲಿಲ್ಲ, ವೈನಿ. ಪ್ರಶ್ನಿ ಓದಿ ಕಣ್ಣ ಮುಚ್ಚಿದೆ. ರೊಟ್ಟಿ ಬಡಿಯೂ ಸಪ್ಪಳ ಬರ್ಲಿಲ್ಲ. ಉತ್ತರಾನೂ ಬರ್ಲಿಲ್ಲ."

ಇದಕ್ಕೆ ನಗಬೇಕೋ ಸೌಟು ಎತ್ತಬೇಕೋ ತಿಳಿಯಲಿಲ್ಲ. ಮಾವನವರು ಮಾತ್ರ ಸಂತೆಯಿಂದ ಎತ್ತು ಹೊಡೆಯುವ ಹೊಸ ಬಾರುಕೋಲು ತಂದು ಪಡಸಾಲೆಯ ಗೂಟಕ್ಕೆ ತೂಗುಹಾಕಿದರು. "ಮಾರ್ಚಿನ್ಯಾಗ ಕಡೀ ಸಲ" ಎಂದರು. ಅವನು ಆ ಗೂಟದ ಕಡೆ ನೋಡದೆ ಗೋಡೆ ಹಿಡಿದು ಓಡಾಡತೊಡಗಿದ.

ಬಾಗೇವಾಡಿಯಲ್ಲಿ ಪರೀಕ್ಷೆ ನಡೆಯುವ ಸಾಲೆಯ ಹಿಂಗೋಡೆಗೆ ಹತ್ತಿಯೇ ನನ್ನ ಮಾವಶಿಯ ಮನೆ. ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಮಾರ್ಚ್ ಬಂತು. "ಮಾವಶಿಗೆ ಮೈಯಾಗ ಆರಾಮಿಲ್ಲಂತ್ರಿ" ಎಂದು ಅತ್ತೆಗೆ ಹೇಳಿ ಮೈದುನನ ಜೊತೆ ಬಸ್ಸು ಹತ್ತಿದೆ. ಮಾವಶಿ ಗುಂಡುಕಲ್ಲಿನಂತಿದ್ದಳು.

ಸಾಲೆಯ ಗಂಟೆ ಬಾರಿಸಿದ ಕೂಡಲೇ ಹಿತ್ತಲಲ್ಲಿ ಒಲೆ ಹೂಡಿ ಬಡಿಯತೊಡಗಿದೆ. ಮೇಲೆ ಬಿಸಿಲು, ಮುಂದೆ ಬೆಂಕಿ. ರೊಟ್ಟಿಯ ರಾಶಿ ಏರಿದಂತೆ ಮಾವಶಿಯ ಕಣ್ಣುಗಳೂ ಅಗಲವಾದವು.

"ಇಷ್ಟ ರೊಟ್ಟಿ ತಿನ್ನಾವ್ರು ಯಾರಬೇ?"

"ತಿನ್ನಾಕಲ್ಲ ಮಾವಶಿ, ಕೇಳಾಕ."

ಸಾಲೆಯ ಜವಾನ ಗೋಡೆಯ ಮೇಲೆ ತಲೆ ಹಾಕಿದ. "ಯಾರ್ರಿ ಅದು? ಒಳಗ ಪರೀಕ್ಷಾ ನಡದೈತಿ!"

"ಇಲ್ಲೂ ನಡದೈತ್ರಿ" ಎಂದೆ. ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಗೋಡೆಯ ಮೇಲಿಟ್ಟೆ. ತಲೆ ಮಾಯವಾಯಿತು, ರೊಟ್ಟಿಯೂ ಮಾಯವಾಯಿತು. ಮರುದಿನ ಅವನು ಗಂಟೆ ಬಾರಿಸಿದವನೇ ನೇರ ಗೋಡೆಗೆ ಬಂದು, "ಇವತ್ತ ಪಲ್ಯಾ ಏನ್ರಿ?" ಎಂದ.

ಕಡೆಯ ಪೇಪರು ಮುಗಿದು ಬಸ್ಸಿಗೆ ಕಾಯುತ್ತಾ ನಿಂತಾಗ ಕೇಳಿದೆ. "ಚಂದಂಗ ಕೇಳಸ್ತೇನು?"

ಅವನು ಕಾಲ ಬೆರಳಿನಿಂದ ಮಣ್ಣು ಕೆದರಿದ. "ಇಲ್ಲ, ವೈನಿ. ನನ್ನ ನಂಬರು ಮುಂದ, ರಸ್ತೆ ಕಡಿ ಖೋಲ್ಯಾಗ ಬಂದಿತ್ತು. ಒಂದೂ ಕೇಳಸ್ಲಿಲ್ಲ."

ನನ್ನ ಅಂಗೈ ಕೆಂಪಗೆ ಉರಿಯುತ್ತಿತ್ತು. "ಹುಚ್ಚ! ಮೊದಲನೇ ದಿನಾನ ಗೊತ್ತಾಗಿತ್ತಲ್ಲೋ! ಯಾಕ ಹೇಳ್ಲಿಲ್ಲ?"

"ಹೇಳಿದ್ದರ ನೀ ಬಡಿಯೂದು ಬಿಡ್ತಿದ್ದಿ. ನೀ ಅಲ್ಲಿ ಬಡಿಯಾಕತ್ತಿದಿ ಅಂತ ತಿಳದು ಬರದೆ."

ಬಸ್ಸು ಬಂತು. ಊರು ಬರುವವರೆಗೆ ಅಂಗೈಗೆ ಉಫ್ ಎಂದು ಊದುತ್ತಾ ಕುಳಿತೆ. ಬೇಸಿಗೆಯಲ್ಲಿ ಫಲಿತಾಂಶ ಬಂತು. ಪಾಸಾದ. ದಡ ಮುಟ್ಟುವಷ್ಟೇ ಪಾಸು, ಆದರೂ ಪಾಸು. ಬಾರುಕೋಲನ್ನು ಮಾವನವರು ಆಳಿಗೆ ಕೊಟ್ಟರು.

ಕೆಲವು ವರ್ಷ ಕಳೆದು ಮುದ್ದೇಬಿಹಾಳದ ಕಡೆ ಒಂದು ಮದುವೆಗೆ ಹೋಗಿದ್ದೆ. ಅವನು ಮಾಸ್ತರನಾಗಿದ್ದ ಸಾಲೆ ಅದೇ ಊರಲ್ಲಿತ್ತು. ಬುತ್ತಿ ಹಿಡಿದು ಬಾಗಿಲವರೆಗೆ ಹೋದೆ. ಒಳಗೆ ಒಂದು ಸಣ್ಣ ಹುಡುಗಿ ಎದ್ದು ನಿಂತು ಪಾಠ ಒಪ್ಪಿಸುತ್ತಿದ್ದಳು. ನಡುವೆ ಮರೆತಳು. ಅವನು ಬೈಯಲಿಲ್ಲ, ಹೇಳಿಯೂ ಕೊಡಲಿಲ್ಲ. ಮೇಜಿನ ಮೇಲೆ ಅಂಗೈಯಿಂದ ಮೆಲ್ಲಗೆ ಬಡಿಯತೊಡಗಿದ. ತಪ್, ತಪ್, ತಪ್, ನಡುವೆ ಒಂದು ಗಳಿಗೆ ಬಿಡುವು, ರೊಟ್ಟಿ ತಿರುಗಿಸುವ ಬಿಡುವು. ಮತ್ತೆ ತಪ್, ತಪ್. ಅದು ನನ್ನದೇ ಕೈ.

ಹುಡುಗಿಗೆ ನೆನಪಾಯಿತು.

ನಾನು ಒಳಗೆ ಹೋಗಲಿಲ್ಲ, ಕೂಗಲೂ ಇಲ್ಲ. ಬುತ್ತಿಯನ್ನು ಹೊಸ್ತಿಲ ಮೇಲಿಟ್ಟು ಅವಳು ಮುಗಿಸುವವರೆಗೆ ನಿಂತೆ. ರೊಟ್ಟಿ ಹಂಚಿನ ಮೇಲಿರುವಾಗ ಅವನನ್ನು ಮಾತಾಡಿಸುವ ಪದ್ಧತಿ ನಮ್ಮಲ್ಲಿಲ್ಲ.