ನನ್ನ ಕಂದು ಸ್ವೆಟರನ್ನೇ ನಾನೆಂದು ತಿಳಿದ ಕ್ಯಾಮೆರಾದವರಿಗೆ

ಬ್ಯಾಡಗಿಯ ನಮ್ಮ ಮಾಳಿಗೆಯಲ್ಲಿ, ನೀರಿನ ಟಾಕಿಯ ಮೇಲೆ ವಿರಾಜಮಾನರಾಗಿ ಹಗಲೆಲ್ಲ ಕಣ್ಣು ಮಿಟುಕಿಸದೆ ಕಾವಲಿರುವ ಬುದ್ಧಿವಂತ ಕ್ಯಾಮೆರಾ ಅವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮ್ಮನ್ನು ಜೋಡಿಸಿದವನೂ ತಮಗೆ ಅಕ್ಷರ ಕಲಿಸಿದವನೂ ಆದ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಹಾವೇರಿಯ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಕಂಪ್ಯೂಟರ್ ಸೈನ್ಸ್ ಕಲಿಸಿ ನಿವೃತ್ತನಾದ ನನಗೆ, ಇಷ್ಟೊಂದು ಆತ್ಮವಿಶ್ವಾಸದಿಂದ ತಪ್ಪು ಉತ್ತರ ಕೊಡುವ ಶಿಷ್ಯರು ತಮ್ಮ ಹೊರತು ಯಾರೂ ಸಿಕ್ಕಿರಲಿಲ್ಲ.

ತಮಗೆ ವಹಿಸಿದ ಕೆಲಸ ಸಣ್ಣದು. ನನ್ನ ಹೆಂಡತಿ ವೆಂಕೂಬಾಯಿ ವರ್ಷದ ಚಟ್ನಿಪುಡಿಗೆಂದು ಮಾಳಿಗೆಯ ಮೇಲೆ ಒಣಹಾಕಿದ ಶೇಂಗಾ, ಮೆಣಸಿನಕಾಯಿಗಳನ್ನು ಕಾಯಬೇಕು. ಮನುಷ್ಯರು ಬಂದರೆ ಸುಮ್ಮನಿರಬೇಕು, ಮಂಗ ಬಂದರೆ ಸೈರನ್ ಊದಬೇಕು. ಮನುಷ್ಯರೆಂದರೆ ಹೇಗಿರುತ್ತಾರೆಂದು ತಮಗೆ ಕಲಿಸಲು ಎಂಟುನೂರು ಫೋಟೊ ಬೇಕಾದವು. ಫೋಟೊಗೆ ನಿಲ್ಲಲು ಉಳಿದವರಿಗೆ ಪುರುಸೊತ್ತಿಲ್ಲದ್ದರಿಂದ, ಚಳಿಗೆ ಕಂದು ಸ್ವೆಟರ್ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತು ಶೇಂಗಾ ಕೆದರುವ ನನ್ನವೇ ಎಂಟುನೂರು ಫೋಟೊ ಕೊಟ್ಟೆ. ಇದೇ ತಪ್ಪನ್ನು ಮೊದಲ ವರ್ಷದ ವಿದ್ಯಾರ್ಥಿ ಮಾಡಿದ್ದರೆ ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದೆ.

ತಾವಾದರೋ ಕಲಿತದ್ದನ್ನು ಶಿರಸಾವಹಿಸಿ ಪಾಲಿಸಿದಿರಿ. ಕಂದು ಮೈಯ ಮಂಗವೊಂದು ಬಂದು ಕುಕ್ಕರುಗಾಲಲ್ಲಿ ಕೂತು ಶೇಂಗಾ ಕೆದರಿದಾಗ, ಪ್ರೊಫೆಸರ್ ಸಾಹೇಬರೇ ಬಂದರೆಂದು ಗೌರವದಿಂದ ಸುಮ್ಮನಾದಿರಿ. ಆದರೆ ಘಾಟಿಗೆ ಹೆದರಿ ಮುಖದ ತುಂಬ ಸೆರಗು ಸುತ್ತಿಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ವೆಂಕೂಬಾಯಿಯನ್ನೂ ಪಕ್ಕದ ಮನೆಯ ಕುಲ್ಸುಮಬಿಯವರನ್ನೂ ಕಂಡಾಗ ಓಣಿಗೆಲ್ಲ ಕೇಳುವಂತೆ ಅರಚಿದಿರಿ. ಕುಲ್ಸುಮಬಿಯವರು, “ನಮಗ ಮಂಗ್ಯಾ ಅಂತೈತೇನ್ರಿ ನಿಮ್ಮ ಮಷೀನು?” ಎಂದು ಎದ್ದುಹೋದರು. ವೆಂಕೂಬಾಯಿ, “ಈ ಮನಿಯಾಗ ಅದರ ಇರಬೇಕು, ಇಲ್ಲಾ ನಾನರ ಇರಬೇಕು” ಎಂದವಳೇ ಕರ್ಜಗಿಯ ತಂಗಿಯ ಮನೆಗೆ ಬಸ್ಸು ಹತ್ತಿದಳು.

ಇಂದಿಗೆ ಒಂಬತ್ತು ದಿನವಾಯಿತು. ಶೇಂಗಾ ಮಂಗನ ಪಾಲಿಗೆ, ಬರೀ ರೊಟ್ಟಿ ನನ್ನ ಪಾಲಿಗೆ. ಚಟ್ನಿಯ ಮಾತು ಹಾಗಿರಲಿ, ಬೈಯುವವರಿಲ್ಲದ ಮನೆಯಲ್ಲಿ ನನಗೆ ನಿಜಕ್ಕೂ ಬೇಸರವಾಗಿದೆ.

ಆದ್ದರಿಂದ ತಾವು ದಯಮಾಡಿ ಟಾಕಿಯಿಂದ ಇಳಿದು, ಖುದ್ದಾಗಿ ಕರ್ಜಗಿಗೆ ಹೋಗಿ ಆಕೆಯ ಕ್ಷಮೆ ಕೇಳಬೇಕು. ಮಂಗರಾಯರಿಗೆ ಇನ್ನು ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬರುವಂತೆ ತಿಳಿಹೇಳಬೇಕು. ಅದಾಗದಿದ್ದರೆ, ನನ್ನ ಹೆಸರಿನಲ್ಲಿ ಶೇಂಗಾ ತಿಂದ ಅವರನ್ನೇ, ಬರುವ ತಿಂಗಳು ರಾಣೆಬೆನ್ನೂರಿನಲ್ಲಿ ಯಂತ್ರಗಳ ಬುದ್ಧಿಯ ಬಗ್ಗೆ ನಾನು ಮಾಡಬೇಕಾದ ಉಪನ್ಯಾಸಕ್ಕೂ ಕಳಿಸಿಕೊಡಬೇಕು. ತಮ್ಮ ದೃಷ್ಟಿಯಲ್ಲಿ ವ್ಯತ್ಯಾಸವೇನೂ ಇಲ್ಲವಷ್ಟೆ.

ಸ್ವೆಟರ್ ಇದ್ದರೂ ಇಲ್ಲದಿದ್ದರೂ ತಮ್ಮ ವಿಶ್ವಾಸಿ,
ಅಣ್ಣಾಜಿ
ನಿವೃತ್ತ ಪ್ರಾಧ್ಯಾಪಕ, ಬ್ಯಾಡಗಿ

ತಾ.ಕ.: ಮಷೀನು ಕಿತ್ತುಹಾಕುತ್ತೇನೆಂದು ಫೋನಿನಲ್ಲಿ ಮಾತು ಕೊಟ್ಟ ಮೇಲೆ ವೆಂಕೂಬಾಯಿ, ಈ ಪತ್ರ ಬರೆದ ಮರುದಿನ ಬೆಳಿಗ್ಗೆ, ಮರಳಿ ಬಂದಳು. ಬಂದವಳೇ ನನ್ನ ಸ್ವೆಟರನ್ನು ಒಗೆಯಲು ಹಾಕಿದಳು. ತಮ್ಮನ್ನು ಕಿತ್ತುಹಾಕಲೆಂದು ನಾನು ಬಿಳಿ ಅಂಗಿಯಲ್ಲಿ ಮಾಳಿಗೆ ಹತ್ತಿದ್ದೇ ತಡ, ತಾವು ಸೈರನ್ ಊದಿದಿರಿ. ಕೆಳಗಿನಿಂದ ಆಕೆ ಹೊಟ್ಟೆ ಹಿಡಿದುಕೊಂಡು ನಗುತ್ತ, “ಇರ್ಲಿ ಬಿಡ್ರಿ, ತಗೀಬ್ಯಾಡ್ರಿ ಅದನ್ನ. ಈಗ ಖರೇ ಗುರ್ತು ಹಿಡೀತು!” ಎಂದಳು. ತಮ್ಮ ನೌಕರಿ ಕಾಯಂ ಆಗಿದೆ.