ನಮ್ಮತ್ತೆಯ ಕೌದಿ ಮತ್ತು ಓರೆ ತೆಂಗಿನಮರ

ನಮ್ಮ ಸೋದರತ್ತೆಗೆ ದೇವರು ಎಲ್ಲವನ್ನೂ ಕೊಟ್ಟಿದ್ದ. "ಇರ್ಲಿ ಬುಡು" ಎಂಬ ಒಂದು ಮಾತನ್ನು ಮಾತ್ರ ಕೊಟ್ಟಿರಲಿಲ್ಲ! ಸಾರಿಗೆ ಉಪ್ಪು ಜಾಸ್ತಿಯಾದರೆ ಸಹಿಸಿಕೊಳ್ಳುತ್ತಿದ್ದರು. ಕುಣಿಗಲ್ ಬಸ್ಸು ಅರ್ಧ ದಿನ ತಡವಾದರೂ ಕಾಯುತ್ತಿದ್ದರು. ಆದರೆ ಕಣ್ಣೆದುರಿಗೆ ಏನಾದರೂ ಒಂದು ನೂಲಿನಷ್ಟು ಓರೆಯಾಗಿದ್ದರೆ ಮುಗಿಯಿತು, ಅದು ನೆಟ್ಟಗಾಗುವವರೆಗೆ ಅವರಿಗೂ ನೆಮ್ಮದಿಯಿಲ್ಲ, ಪಕ್ಕದಲ್ಲಿದ್ದವರಿಗೂ ಇಲ್ಲ.

ಗುಬ್ಬಿಯಲ್ಲಿ ಒಂದು ಮದುವೆ. ಪಂಕ್ತಿ ಕೂತು, ಅನ್ನ ಬಡಿಸಿ, ಜನ ಇನ್ನೇನು ಕೈ ಹಾಕಬೇಕು. ಅತ್ತೆ ಸಾಲಿನ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. ನಡುವೆ ಯಾರದೋ ಎಲೆ ಮುಂದಕ್ಕೆ ಬಂದಿತ್ತು. ಹೋಗಿ ಆ ಯಜಮಾನರನ್ನು ಎಬ್ಬಿಸಿ, ಎಲೆಯನ್ನು ಅನ್ನದ ಸಮೇತ ಹಿಂದಕ್ಕೆ ಎಳೆದು ಕೂರಿಸಿಯೇ ಬಿಟ್ಟರು. ಆಮೇಲೆ ಗೊತ್ತಾಯಿತು, ಅವರು ಗಂಡಿನ ದೊಡ್ಡಪ್ಪ! ಬೀಗರ ಮುಖ ಪಾಯಸ ಎರಡನೇ ಸಲ ಬರುವವರೆಗೂ ಸಡಿಲಾಗಲಿಲ್ಲ. ಇದೇನು ಮಹಾ, ಎದುರುಮನೆಯ ಅಜ್ಜ ತೀರಿಕೊಂಡಾಗ ಮಾತನಾಡಿಸಲು ಹೋದ ಅತ್ತೆ, ಮೊದಲು ಗೋಡೆಯ ಮೇಲಿದ್ದ ಅಜ್ಜನ ಫೋಟೊವನ್ನು ನೆಟ್ಟಗೆ ಮಾಡಿ, ಆಮೇಲೆ ಅತ್ತರು.

ಇಂಥವರು ಕೌದಿ ಹೊಲಿಯಲು ಕೂತರೆ ಹೇಗಿರಬೇಡ?

ಬೇರೆಯವರ ಕೌದಿಯಲ್ಲಿ ಹಳೇ ಬಟ್ಟೆ ಸಿಕ್ಕಿದ ಹಾಗೆ ಕೂತಿರುತ್ತದೆ. ನಮ್ಮತ್ತೆಯ ಕೌದಿ ಅಳೆದು ಗೆರೆ ಹಾಕಿದ ಹೊಲ. ಮೊಳದಗಲದ ಚೌಕಗಳು. ಚೌಕಕ್ಕೂ ಚೌಕಕ್ಕೂ ನಡುವೆ ನಾಲ್ಕು ಬೆರಳಗಲದ ಪಟ್ಟಿ. ಹಾಗಲವಾಡಿಯ ತೋಟದಲ್ಲಿ ಬೆಳೆದ ಹೆಣ್ಣಾದ್ದರಿಂದ ಅವರು ಆ ಪಟ್ಟಿಯನ್ನು ಬದು ಎಂದೇ ಕರೆಯುತ್ತಿದ್ದರು. ಮೇಲೊಂದು ಸಾಲು, ಕೆಳಗೊಂದು ಸಾಲು, ನಡುವೆ ಉದ್ದಕ್ಕೂ ಒಂದು ದೊಡ್ಡ ಬದು. ಫಜೀತಿ ಇರುವುದೇ ಇಲ್ಲಿ. ದೊಡ್ಡ ಬದು ಹಾಕಿದ ಮೇಲೆ, ಮೇಲಿನ ಸಾಲಿನ ಸಣ್ಣ ಬದುಗಳೂ ಕೆಳಗಿನ ಸಾಲಿನವೂ ಎದುರುಬದುರು ಬರಬೇಕು. ಹೊಲಿಯುತ್ತಾ ಹೊಲಿಯುತ್ತಾ ಬಟ್ಟೆ ಜಗ್ಗಿಬಿಡುತ್ತದೆ, ಮೇಲಿನ ಬದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಅದಕ್ಕೇ ಅತ್ತೆ ಸವೆದ ಸೋಪಿನ ಚೂರಿನಿಂದ ದೊಡ್ಡ ಬದುವಿನ ಮೇಲೆ ಮೊದಲೇ ಗುರುತು ಹಾಕಿ, ಗುರುತಿಗೊಂದರಂತೆ ಜಾಲಿಮುಳ್ಳು ಚುಚ್ಚಿ ಹಿಡಿಸುತ್ತಿದ್ದರು. ಆ ಮುಳ್ಳುಗಳಲ್ಲಿ ಕೆಲವು ಮರುದಿನ ಮಾವನಿಗೆ ಸಿಗುತ್ತಿದ್ದವು. ಮಾವ ಪ್ರೈಮರಿ ಸ್ಕೂಲಿನ ಮೇಷ್ಟ್ರು. ತಮ್ಮ ಮನೆಯ ಚಾಪೆಯ ಮೇಲೆ ಅವರಷ್ಟು ಹುಷಾರಾಗಿ ಕೂರುವ ಗಂಡಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಬಟ್ಟೆಗಾಗಿ ಅವರ ಕಣ್ಣು ನಮ್ಮ ಮೈಮೇಲೇ. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದರೆ ಯೋಗಕ್ಷೇಮಕ್ಕಿಂತ ಮುಂಚೆ ಅಪ್ಪನ ಕಾಲರು ಹಿಡಿದು ಎಷ್ಟು ಸವೆದಿದೆ ಎಂದು ನೋಡುತ್ತಿದ್ದರು. ಅಪ್ಪ ಆಫೀಸಿಗೆಂದು ಟೆರಿಕಾಟ್ ಹಾಕಲು ಶುರುಮಾಡಿದಾಗ ಅತ್ತೆಗೆ ಆದ ನೋವು ಅಷ್ಟಿಷ್ಟಲ್ಲ. ಟೆರಿಕಾಟು ಮುಳ್ಳಿಗೂ ನಿಲ್ಲುವುದಿಲ್ಲ, ಜಾರುತ್ತದೆ.

ಅತ್ತೆ ಹೊಲಿದ ಕೌದಿಗಳು ನಂಟರ ಮನೆಗಳಲ್ಲೆಲ್ಲ ಇದ್ದವು. ಒಂದು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಅದರ ಮೇಲಿನ ಸಾಲು ಹಾಗಲವಾಡಿಯ ದೊಡ್ಡಪ್ಪನ ಅಂಗಿಗಳದ್ದು, ಕೆಳಗಿನ ಸಾಲು ನಮ್ಮಪ್ಪನವು, ನಡುವಿನ ದೊಡ್ಡ ಬದು ಅಜ್ಜಿಯ ಹಳೇ ಕೆಂಪು ಸೀರೆಯದು.

ಇಲ್ಲಿ ಒಂದು ತೆಂಗಿನಮರದ ಕಥೆ ಹೇಳಬೇಕು. ತೋಟ ಭಾಗವಾದಾಗ ದೊಡ್ಡಪ್ಪನಿಗೂ ಅಪ್ಪನಿಗೂ ನಡುವೆ ಬದು ಬಿತ್ತು. ಬದುವಿನ ಪಕ್ಕದಲ್ಲೊಂದು ಮರ. ಅದರ ಬುಡ ದೊಡ್ಡಪ್ಪನ ಕಡೆ, ತಲೆ ನಮ್ಮ ಕಡೆ! ಬುಡ ನನ್ನದು, ಕಾಯಿ ನನ್ನದು ಎಂದರು ದೊಡ್ಡಪ್ಪ. ನನ್ನ ನೆಲಕ್ಕೆ ಬಿದ್ದದ್ದು ನನ್ನದು ಎಂದರು ಅಪ್ಪ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಆ ಮಾತಿನಿಂದಾಚೆಗೆ ಮಾತು ಬಿಟ್ಟರು. ಕಾಯಿಗಳನ್ನು ಇಬ್ಬರೂ ಮುಟ್ಟದೆ ಕೋತಿಗಳು ಸುಖವಾಗಿದ್ದವು. "ಆ ಮರ ನೆಟ್ಟಗೆ ಬೆಳ್ದಿದ್ರೆ ನಮ್ಮಣ್ಣಂದಿರು ಮಾತಾಡ್ಕೊಂಡಿರ್ತಿದ್ರು" ಎನ್ನುತ್ತಿದ್ದರು ಅತ್ತೆ. ನಾವೆಲ್ಲ ನಗುತ್ತಿದ್ದೆವು. ಅತ್ತೆ ನಗುತ್ತಿರಲಿಲ್ಲ.

ಮೊದಲೆಲ್ಲ ಗೌರಿ ಹಬ್ಬಕ್ಕೆ ಅಣ್ಣಂದಿರಿಬ್ಬರೂ ಒಟ್ಟಿಗೇ ಕುಣಿಗಲ್ಲಿಗೆ ಹೋಗಿ ತಂಗಿಗೆ ಬಾಗಿನ ಕೊಟ್ಟು ಬರುತ್ತಿದ್ದರು. ಈಗ ದೊಡ್ಡಪ್ಪ ಹಬ್ಬದ ದಿನ, ಅಪ್ಪ ಮಾರನೆಯ ದಿನ. ಬಾಗಿನ ಎರಡು ಸಲ ಬಂದರೂ ಅತ್ತೆಯ ಮುಖದಲ್ಲಿ ತವರು ಬಂದ ಕಳೆ ಬರುತ್ತಿರಲಿಲ್ಲ. ಅಣ್ಣಂದಿರು ಒಟ್ಟಿಗೆ ಬರಲಿ ಎಂಬ ಒಂದೇ ಆಸೆ ಅವರನ್ನು ತಿನ್ನುತ್ತಿತ್ತು.

ಕೌದಿ ನೆಟ್ಟಗಿದೆಯೋ ಓರೆಯೋ ತಿಳಿಯಬೇಕಾದರೆ ಇಬ್ಬರು ಎರಡು ತುದಿ ಹಿಡಿದು ಎಳೆದು ನಿಲ್ಲಬೇಕು. ಇಬ್ಬರೂ ಸಮ ಎತ್ತರದವರಾಗಿರಬೇಕು, ಇಲ್ಲದಿದ್ದರೆ ಬದು ಇಳಿಜಾರಾಗುತ್ತದೆ. ಮಾವ ಕುಳ್ಳು. ಪಕ್ಕದ ಮನೆಯವರು ವಿಪರೀತ ಉದ್ದ. ಇಡೀ ಕುಣಿಗಲ್ಲಿನಲ್ಲಿ ಸಮ ಎತ್ತರದ ಇಬ್ಬರು ಗಂಡಸರೇ ಇಲ್ಲವೆಂದು ಅತ್ತೆ ಸಾಧಿಸುತ್ತಿದ್ದರು. ನಮ್ಮಪ್ಪ, ದೊಡ್ಡಪ್ಪ ಮಾತ್ರ ಅಳತೆ ಇಟ್ಟು ಮಾಡಿದಂತೆ ಒಂದೇ ಎತ್ತರ.

ಒಂದು ವರ್ಷ ಅತ್ತೆ ಅಪ್ಪನಿಗೆ ಹೇಳಿ ಕಳಿಸಿದರು, ಮಾರನೆಯ ದಿನ ತಾವು ಊರಲ್ಲಿರುವುದಿಲ್ಲ, ಹಬ್ಬದ ದಿನವೇ ಬರಬೇಕು, ದೊಡ್ಡಣ್ಣ ಈ ಸಲ ಬರೋದಿಲ್ಲವಂತೆ, ಅಂತ. ಪೂರಾ ಸುಳ್ಳು! ಆಗ ಕಾಲೇಜಿನಲ್ಲಿದ್ದ ನಾನೂ ಅಪ್ಪನ ಜೊತೆ ಹೋದೆ. ಹೋಗಿ ನೋಡಿದರೆ ದೊಡ್ಡಪ್ಪ ನಡುಮನೆಯಲ್ಲಿ ಕೌದಿಯ ಒಂದು ತುದಿ ಹಿಡಿದು ನಿಂತಿದ್ದಾರೆ. ಅಪ್ಪ ಬಂದ ಕಾಲಲ್ಲೇ ತಿರುಗಿದರು. ಅತ್ತೆ ಬಾಗಿಲಿಗೆ ಅಡ್ಡ ನಿಂತು ಇನ್ನೊಂದು ತುದಿಯನ್ನು ಅವರ ಕೈಗೆ ತುರುಕಿದರು.

"ಕಾಲು ತೊಳ್ಕೊಳ್ಳೋದು ಆಮೇಲೆ ಚಿಕ್ಕಣ್ಣ. ಮೊದ್ಲು ಇದನ್ನ ಹಿಡ್ಕೊ."

ನಿಂತರು. ಒಬ್ಬರು ಸೂರು ನೋಡಿಕೊಂಡು, ಒಬ್ಬರು ನೆಲ ನೋಡಿಕೊಂಡು. ಅತ್ತೆ ಒಂದು ಕಣ್ಣು ಮುಚ್ಚಿ ಬದುವಿಂದ ಬದುವಿಗೆ ಹೋದರು, ಬಂದರು, ಮತ್ತೆ ಹೋದರು. ಒಲೆಯ ಮೇಲೆ ಏನೋ ಸೀಯುವ ವಾಸನೆ ಬಂದರೂ ಕದಲಲಿಲ್ಲ. ಇಬ್ಬರಿಗೂ ಕೈ ಸೋತು ಬಂತು. ಕೊನೆಗೆ ದೊಡ್ಡಪ್ಪನೇ ಸೂರಿಗೆ ಹೇಳಿದರು:

"ನಿನ್ ಕಡೆ ಸಡ್ಲ ಐತೆ ಕಣ್ಲಾ. ಬಿಗಿಯಾಗಿ ಹಿಡಿ."

"ನಾನು ಬಿಗಿಯಾಗೇ ಹಿಡ್ದಿದೀನಿ. ನೀನೇ ವಾಲ್ತಾ ಇದೀಯ" ಎಂದರು ಅಪ್ಪ, ನೆಲಕ್ಕೆ.

"ಹೂಂ, ಆ ಮರದಂಗೆ."

ಅಪ್ಪನ ಮೀಸೆ ಅಲುಗಿತು. ದೊಡ್ಡಪ್ಪನ ಹೊಟ್ಟೆ ಕುಲುಕಿತು. ಅತ್ತೆ ಮಾತ್ರ ಕಣ್ಣೊರೆಸಿಕೊಳ್ಳುತ್ತಾ, ಓರೆ ಐತೆ, ಇನ್ನೊಂದು ಸಲ ಬಿಚ್ಚಬೇಕು ಅಂದರು. ಅಂದು ಊಟಕ್ಕೆ ಕೂತಾಗ ಮರದ ತೀರ್ಮಾನವೂ ಆಯಿತು. ಕಾಯಿ ಇಬ್ಬರಿಗೂ ಬೇಡ, ಪೂರ್ತಿ ತಂಗಿಗೆ!

ಅಲ್ಲಿಂದ ಪ್ರತಿ ಗೌರಿಗೂ ಅಣ್ಣಂದಿರಿಬ್ಬರೂ ಒಟ್ಟಿಗೆ, ಹೆಗಲ ಮೇಲೆ ಕಾಯಿ ಮೂಟೆ. ಪ್ರತಿ ಗೌರಿಗೂ ಅತ್ತೆ ಕೌದಿ ತೆಗೆಯುವರು, ಅವರು ಹಿಡಿಯುವರು, ಇವರು ಓರೆ ಎಂದು ಬಿಚ್ಚುವರು. ಈ ಜನ್ಮಕ್ಕೆ ಇದು ಮುಗಿಯಲ್ಲ ಎಂದು ಮಾವ ತಲೆ ಚಚ್ಚಿಕೊಳ್ಳುತ್ತಿದ್ದರು. ನನಗಂತೂ ಆ ಬದುಗಳಲ್ಲಿ ಒಂದು ನೂಲಿನಷ್ಟೂ ಓರೆ ಕಂಡಿದ್ದಿಲ್ಲ.

ಆಮೇಲೊಂದು ಬೇಸಿಗೆಯಲ್ಲಿ ದೊಡ್ಡಪ್ಪ ಹೋಗಿಬಿಟ್ಟರು.

ಆ ವರ್ಷ ನಮಗೆ ಹಬ್ಬವಿಲ್ಲ, ಬಾಗಿನವಿಲ್ಲ. ಆದರೂ ಗೌರಿಯ ದಿನ ಅಪ್ಪ ಮನೆಯಲ್ಲಿ ನಿಲ್ಲಲಾರದೆ ಓಡಾಡಿದರು. ಕೊನೆಗೆ ಕಾಯಿ ಮೂಟೆ ಹೊತ್ತು ಹೊರಟರು. ನಾನೂ ಹೋದೆ. ಅತ್ತೆ ಒಳಗೆ ಹೋಗಿ ಕೌದಿ ತಂದು, ಒಂದು ತುದಿಯನ್ನು ಅಪ್ಪನಿಗೆ ಕೊಟ್ಟರು. ಇನ್ನೊಂದು ತುದಿಯನ್ನು ಯಾರಿಗೆ ಕೊಡುವುದು? ಕೊನೆಗೆ ತಾವೇ ಹಿಡಿದುಕೊಂಡರು.

"ನೀನು ನೋಡೇ" ಅಂದರು ನನಗೆ. ಆ ಕೆಲಸವನ್ನು ಅವರು ಅದುವರೆಗೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಒಂದು ಕಣ್ಣು ಮುಚ್ಚಿ ನೋಡಿದೆ. ಅಪ್ಪನ ಎದುರಿಗೆ ಅತ್ತೆ ಎಷ್ಟು ಗಿಡ್ಡ ಎಂದು ಆವತ್ತೇ ಗೊತ್ತಾದದ್ದು. ಕೈ ಎಷ್ಟು ಎತ್ತಿದರೂ ಸಾಲುತ್ತಿರಲಿಲ್ಲ. ಅಜ್ಜಿಯ ಕೆಂಪು ಸೀರೆಯ ಬದು ಅಪ್ಪನ ಕಡೆಯಿಂದ ಅವರ ಕಡೆಗೆ ಇಳಿದು ಹೋಗಿತ್ತು.

"ನಿಮ್ಮ ಕಡೆ ತಗ್ಗಿದೆ ಅತ್ತೆ" ಎಂದೆ.

ಅತ್ತೆ ಆ ಬದುವನ್ನು ನೋಡಿದರು.

"ಇರ್ಲಿ ಬುಡು" ಅಂದರು.

ಕೈ ಇಳಿಸಿ, ಅಲ್ಲೇ ಕೂತು, ಸೂಜಿಗೆ ದಾರ ಪೋಣಿಸಿಕೊಂಡು ಅಂಚು ಮುಗಿಸತೊಡಗಿದರು. ಅಪ್ಪ ಮಾತ್ರ ತಮ್ಮ ತುದಿಯನ್ನು ಬಿಡದೆ, ಹಾಗೇ ಎತ್ತಿ ಹಿಡಿದುಕೊಂಡು ನಿಂತಿದ್ದರು.