ಹತ್ತಕ್ಕೆ ನಾಲ್ಕು

ವರ್ಗಾವಣೆಯ ಆದೇಶ ಕೈಗೆ ಬಂದಾಗ ಕಲ್ಮೇಶ ಮಾಸ್ತರರಿಗೆ ಆಗಬೇಕಾದದ್ದು ಸಂತೋಷ, ಆದದ್ದು ಕೆಂಡದಂಥ ಸಿಟ್ಟು.

ಆರು ವರ್ಷದಿಂದ ಅವರು ನಾಲತವಾಡದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಹೆಂಡತಿ ವಿಜಯಲಕ್ಷ್ಮಿ ದೂರದ ಇಂಡಿ ಊರಿನಲ್ಲಿ ನರ್ಸ್. ತಮ್ಮ ಶಾಲೆ ನಡೆಸುವ ಸಂಸ್ಥೆಯದೇ ಇಂಡಿ ಶಾಲೆಗೆ ಹಾಕಿ ಎಂದು ಆರು ವರ್ಷವೂ ಅರ್ಜಿ ಕೊಟ್ಟು ಸೋತಿದ್ದರು. ಈಗ ಸಿಕ್ಕಿತ್ತು. ಸಂಜೆ ಐದರೊಳಗೆ ಇಂಡಿಯಲ್ಲಿರುವ ಸಂಸ್ಥೆಯ ಕಚೇರಿಗೆ ಹೋಗಿ ಹಾಜರಾದರೆ ಸಾಕು.

ಬಸ್ಸಿನಲ್ಲಿ ಕೂತು ಇಂಗ್ಲಿಷಿನಲ್ಲಿದ್ದ ಆದೇಶವನ್ನು ಮತ್ತೊಮ್ಮೆ ಓದಿದರು. ಶಾಲೆಯ ಮುಖ್ಯಸ್ಥರನ್ನು ಕಾಣಬೇಕು ಎನ್ನುವಲ್ಲಿ 'ಶಾಲೆಯ ತತ್ವವನ್ನು ಕಾಣಬೇಕು' ಎಂದಿತ್ತು. 'ಈ ವಾರ' ಹೋಗಿ 'ಈ ದುರ್ಬಲ' ಆಗಿತ್ತು. ಮೊದಲನೆಯವೆರಡೂ 'ಪ್ರಿನ್ಸಿಪಲ್', ಆಮೇಲಿನವೆರಡೂ 'ವೀಕ್'; ಇಂಗ್ಲಿಷಿನಲ್ಲಿ ಈ ಜೋಡಿಗಳು ಕಿವಿಗೆ ಒಂದೇ, ಕಾಗದದ ಮೇಲೆ ಬೇರೆ ಬೇರೆ. ಅದನ್ನೇ ಹೇಳಿ ಹೇಳಿ ಗಂಟಲು ಹರಿದುಕೊಂಡವರು ಕಲ್ಮೇಶ. ಅವರು ಹಲ್ಲು ಕಡಿದರು.

ಪಕ್ಕದ ಸೀಟಿನ ಬಾಳಮ್ಮ ಕೇಳಿದಳು: "ಯಾಕ್ರಿ ಮಾಸ್ತರ, ಯಾರರ ಸತ್ತಾರೇನ್ರಿ?"

"ಇಂಗ್ಲಿಷ್ ಸತ್ತೈತ್ರಿ!"

"ಅಯ್ಯ, ನಮ್ಮ ಪೈಕಿ ಅಲ್ಲಲ್ಲ, ಬಿಡ್ರಿ."

ಕಿಸೆಯಿಂದ ಕೆಂಪು ಪೆನ್ನು ಹೊರಗೆ ಬಂತು. ಹದಿನೆಂಟು ವರ್ಷದ ರೂಢಿಯ ಕೈ ತಾನಾಗಿ ಓಡಿತು. ತಪ್ಪಿಗೆಲ್ಲ ಸುತ್ತು, ಅಂಚಿನಲ್ಲಿ ಸರಿಯಾದ ಪದ, ಕೆಳಗೆ ಹತ್ತಕ್ಕೆ ನಾಲ್ಕು, ಸಹಿ. ಅದರಡಿ ಇನ್ನೊಂದು ಸಾಲು: 'ಪಾಲಕರಿಗೆ ತೋರಿಸಿ ಸಹಿ ಮಾಡಿಸಿಕೊಂಡು ಬಾ.'

ಇಂಡಿಯ ಕಚೇರಿಯಲ್ಲಿ ಗುಮಾಸ್ತ ಕಾಂತು ಕಾಗದ ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. "ಏನ್ ಮಾಡೀರಿ ಮಾಸ್ತರ! ಇದು ಸೆಕ್ರೆಟರಿ ಸಾಹೇಬ್ರು ಸ್ವಂತ ಬರದದ್ದು!"

ಜವಾನ ಫಕೀರಸಾಬ ಇಣುಕಿದ. "ಪಾಲಕರ ಸಹಿ ಎಲ್ಲಿಂದ ತರ್ತಾರ್ರಿ? ಅವರಪ್ಪ ತೀರಿಕೊಂಡು ಹತ್ತು ವರ್ಷ ಆತು."

"ತಪ್ಪು ಬರದವರು ಅವರು, ಅಂಜೋನು ನಾನಾ?" ಕಲ್ಮೇಶ ಮೇಜು ಗುದ್ದಿದರು. "ಸುಮ್ನ ಹಾಜರಿ ಹಚ್ಚು!"

"ಗೀಚಿದ ಆದೇಶ ನಡಿಯಂಗಿಲ್ರಿ. ಹೊಸಾದು ಬೇಕಂದ್ರ ಸಾಹೇಬ್ರ ಸಹಿ ಬೇಕು."

ಗದ್ದಲಕ್ಕೆ ಒಳಗಿನಿಂದ ಸೆಕ್ರೆಟರಿ ಬಸಂತರಾಯರೇ ಬಂದರು. ಕಾಗದ ಇಸಿದುಕೊಂಡು ಎರಡು ಸಲ ಓದಿದರು. ಇನ್ನು ಕೆಲಸವೇ ಹೋಯಿತು ಎಂದುಕೊಂಡರು ಕಲ್ಮೇಶ. ಆದರೆ ರಾಯರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಇಪ್ಪತ್ತು ವರ್ಷದಿಂದ ಬರ್ಯಾಕತ್ತೇನಿ. ಎಲ್ಲಾರೂ 'ಭಾಳ ಚಲೋ ಐತ್ರಿ' ಅಂತಾರ. ನೀವೊಬ್ಬರ ನನಗ ಕಲಿಸಿದ್ರಿ. ಇಂಥ ಮಾಸ್ತರು ಸಿಗೋದು ಅಪರೂಪ."

ಕಲ್ಮೇಶರಿಗೆ ಜೀವ ಬಂತು. "ಹಂಗಾರ ಹೊಸ ಆದೇಶ..."

"ಈಗ ಕೊಡ್ತೇನಿ. ಕಾಂತು, ಇವರ ವರ್ಗಾವಣಿ ರದ್ದು ಮಾಡು. ನನ್ನ ಮಮ್ಮಗಳು ಭಾಗ್ಯಾ ಈ ವರ್ಷ ನಾಲತವಾಡದ ಸಾಲಿಗೆ ಐದನೇ ಕ್ಲಾಸಿಗೆ ಸೇರ್ಯಾಳ. ಆಕಿ ಹತ್ತನೇದು ಮುಗಿಸೋತನಾ ಇವರನ್ನ ಅಲ್ಲಿಂದ ಅಲುಗಾಡಿಸಬ್ಯಾಡ."

ಹೊರಗೆ ಗೇಟಿನ ಹತ್ತಿರ ವಿಜಯಲಕ್ಷ್ಮಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. "ಹಾಜರಾದ್ರೀ?"

"ಸಾಹೇಬ್ರು ನನ್ನ ಭಾಳ ಮೆಚ್ಚಿದ್ರು."

"ಅಂದ್ರ?"

"ಇನ್ನೂ ಆರು ವರ್ಷ ನಾಲತವಾಡದಾಗ ಇರು ಅಂದ್ರು."

ಅವಳು ಅವರ ಮುಖ ನೋಡಿದಳು, ಡಬ್ಬಿಯನ್ನು ಅವರ ಎದೆಗೆ ಕುಕ್ಕಿದಳು.

"ಬಸ್ಸಿನಾಗ ಉಣ್ಣ್ರಿ" ಎಂದು ತಿರುಗಿ ನೋಡದೆ ಮನೆಯತ್ತ ನಡೆದಳು.